ಚಿಲಕದ ಕುರ್ಚಿ

“ಹೊಸ ಕುರ್ಚಿಗೆ ಮುಂದೆ ಒಂದು ಅಡ್ಡಪಟ್ಟಿ ಬೇಕು ಮೇಸ್ತ್ರಿ. ಅದಕ್ಕೊಂದು ಚಿಲಕ,” ಎಂದಳು ಶಿಶುವಿಹಾರದ ಟೀಚರ್.

ಮುದುಕ ಬಡಗಿ ಹಲಗೆ ಉಜ್ಜುವುದನ್ನು ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದ. ಇಷ್ಟು ವರ್ಷದಲ್ಲಿ ಅವನು ಬಾಗಿಲಿಗೆ, ಬೀರುವಿಗೆ, ಕೋಳಿಗೂಡಿಗೆ ಚಿಲಕ ಹಾಕಿಕೊಟ್ಟಿದ್ದ. ಕುರ್ಚಿಗೆ ಯಾರೂ ಕೇಳಿರಲಿಲ್ಲ.

“ಯಾರಿಗೆ ಮೇಡಂ?”

“ನನ್ನ ಮಗಳಿಗೆ.”

ಮಗಳು ಅಷ್ಟರಲ್ಲಾಗಲೇ ಅಮ್ಮನ ಕೈ ಬಿಡಿಸಿಕೊಂಡು, ಅಂಗಡಿಯನ್ನು ಎರಡು ಸುತ್ತು ಹಾಕಿ, ಗೋಂದಿನ ಡಬ್ಬಿಯನ್ನು ಮೂಸಿ ಮುಖ ಸಿಂಡರಿಸಿ, ಮರದ ಹೊಟ್ಟಿನ ಗುಡ್ಡೆಗೆ ಹಾರಿದ್ದಳು. ನಾಲ್ಕು ತುಂಬಲು ಇನ್ನೂ ಎರಡು ತಿಂಗಳಿತ್ತು. ಶಿಶುವಿಹಾರದಲ್ಲಿ ಎಲ್ಲರೂ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಕಥೆ ಹೇಳಲು ಶುರುಮಾಡಿದರೆ ಕುರ್ಚಿಯಿಂದ ಜಾರುತ್ತಾಳೆ, ಕಥೆ ಮುಗಿಯುವಷ್ಟರಲ್ಲಿ ಅಂಗಳದಲ್ಲಿರುತ್ತಾಳೆ. ಟೀಚರ್ ಮಗಳೇ ಹೀಗಾದರೆ ನಮ್ಮ ಮಕ್ಕಳ ಗತಿಯೇನು ಎಂದು ಬೇರೆ ತಾಯಂದಿರು ಮೂಗು ಮುರಿದಿದ್ದರು. ಮಕ್ಕಳ ಡಾಕ್ಟರು, “ಇಷ್ಟು ಚಿಕ್ಕ ವಯಸ್ಸಿಗೆ ಏನೂ ಹೆಸರಿಡೋದು ಬೇಡಮ್ಮ, ಆರು ತಿಂಗಳು ಗಮನಿಸಿ ನೋಡಿ,” ಎಂದು ಕಳಿಸಿದ್ದರು. ಅವರಿಗೇನು, ಹೇಳಿಬಿಟ್ಟರು. ಮುಖ್ಯೋಪಾಧ್ಯಾಯಿನಿ ಕೊಟ್ಟದ್ದು ಸೋಮವಾರದವರೆಗೆ ಮಾತ್ರ. ಅಷ್ಟರೊಳಗೆ ಹುಡುಗಿ ಕೂರಲು ಕಲಿಯದಿದ್ದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ತಾನು ಪಾಠ ಹೇಳುವ ಕಡೆಯೇ ತನ್ನ ಮಗುವಿಗೆ ಜಾಗವಿಲ್ಲ ಎಂಬಂತಾಗಿತ್ತು.

“ಬಾ ಪುಟ್ಟಿ, ಅಳತೆ ತಗೋತೀನಿ,” ಎಂದು ಬಡಗಿ ಕರೆದ. ಪುಟ್ಟಿ ಹಲಗೆಗಳ ಹಿಂದೆ ಮಾಯವಾದಳು.

“ಹಾಗಾದ್ರೆ ಮೊದಲು ಅಮ್ಮನ ಅಳತೆ, ಆಮೇಲೆ ನಿಂದು. ಹತ್ತಿ ಮೇಡಂ, ಇದರ ಮೇಲೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ಅವಳೂ ಬರ್ತಾಳೆ.”

ಕೆಲಸದ ಮೇಜು ಸೊಂಟದೆತ್ತರ ಇತ್ತು. ಟೀಚರ್ ಸೀರೆ ಸರಿಮಾಡಿಕೊಂಡು ಹೇಗೋ ಹತ್ತಿ ಕೂತಳು. ಪಾದಗಳು ನೆಲಕ್ಕೆ ಎಟುಕಲಿಲ್ಲ. ಬಡಗಿ ಟೇಪು ಹುಡುಕತೊಡಗಿದ. ಕಪಾಟಿನಲ್ಲಿ ನೋಡಿದ, ಗರಗಸಗಳ ಹಿಂದೆ ನೋಡಿದ, ಚಹಾ ಲೋಟ ಎತ್ತಿ ಅದರ ಕೆಳಗೂ ನೋಡಿದ. ಅತ್ತ ಮೂಲೆಯಲ್ಲಿ ಝಲ್ಲೆಂದು ಸದ್ದಾಯಿತು. ಹುಡುಗಿ ಸ್ಕ್ರೂ ಡಬ್ಬಿಯನ್ನು ನೆಲಕ್ಕೆ ಸುರಿದಿದ್ದಳು.

“ಅಯ್ಯೋ! ನೋಡಿದ್ರಾ? ಇದೇ ನೋಡಿ ಇವಳ ಕಥೆ!”

“ಇಳೀಬೇಡಿ, ಇಳೀಬೇಡಿ. ಹೇಗಿದ್ರೂ ಅವು ಕಲಸುಮೇಲೋಗರ ಆಗಿದ್ವು. ಟೇಪು ಇಲ್ಲೇ ಎಲ್ಲೋ ಇದೆ.”

ಟೀಚರ್ ಕೂತೇ ತನ್ನ ಕಷ್ಟ ಹೇಳಿಕೊಂಡಳು. ಇವಳು ಹತ್ತೇ ಹತ್ತು ನಿಮಿಷ ಕೂತರೆ ಸಾಕು, ಅದಕ್ಕಿಂತ ಹೆಚ್ಚು ತಾನೇನೂ ಕೇಳುತ್ತಿಲ್ಲ ಎಂದಳು. ಹೇಳುತ್ತಲೇ ಎರಡೂ ಕೈ ಮೇಜಿಗೆ ಊರಿ ಹಿಂದೆ ಸರಿದಳು, ಮುಂದೆ ಬಂದಳು. ಕಾಲ ಮೇಲೆ ಕಾಲು ಹಾಕಿದಳು, ತೆಗೆದಳು. ಫೋನು ತೆಗೆದು ನೋಡಿ ಒಳಗಿಟ್ಟಳು. ಬಡಗಿ ಹೂಂಗುಟ್ಟುತ್ತ ಹುಡುಕುತ್ತಲೇ ಇದ್ದ. ಅವಳ ಹಿಮ್ಮಡಿ ಮೇಜಿನ ಹಲಗೆಗೆ ಬಡಿಯತೊಡಗಿತು. ಟಕ್. ಟಕ್. ಟಕ್.

“ಟೀಚರ್!”

ಶಾಲೆಯಲ್ಲಿ ಅಮ್ಮ ಅನ್ನಬಾರದು ಎಂದು ಮಗಳಿಗೆ ಅವಳೇ ಹೇಳಿಕೊಟ್ಟಿದ್ದಳು. ಹುಡುಗಿ ತಲೆಯೆತ್ತಿ, ಥೇಟ್ ಅಮ್ಮನದೇ ದನಿಯಲ್ಲಿ ಗದರಿದಳು: “ಕಾಲು ಸುಮ್ನೆ! ಕೈ ಸುಮ್ನೆ! ಬೊಂಬೆ ಥರ ಕೂತ್ಕೋಬೇಕು!”

ಇಷ್ಟು ಹೇಳಿ ಹುಡುಗಿ ಮತ್ತೆ ತನ್ನ ಕೆಲಸಕ್ಕೆ ತಲೆ ಬಗ್ಗಿಸಿದಳು. ಟೀಚರ್ ನಕ್ಕು ಕಾಲು ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ಟಕ್ ಎಂದಿತು. ಈ ಸಲ ಅದು ಅವಳಿಗೇ ಕೇಳಿಸಿತು. ಬಗ್ಗಿ ತನ್ನ ಕಾಲು ನೋಡಿಕೊಂಡಳು. ಆಮೇಲೆ ಮೂಲೆಯತ್ತ ನೋಡಿದಳು.

ಮಗಳು ಎರಡೂ ಪಾದಗಳನ್ನು ನೆಲಕ್ಕೆ ಭದ್ರವಾಗಿ ಊರಿ, ಹೊಟ್ಟಿನ ನಡುವೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ನಾಲಿಗೆ ಬಾಯಂಚಿನಲ್ಲಿ ಇಣುಕುತ್ತಿತ್ತು. ಮುಂದೆ ಸ್ಕ್ರೂಗಳ ಮೂರು ಸಾಲು: ಗಿಡ್ಡ, ಮಧ್ಯಮ, ಉದ್ದ. ಟೀಚರ್ ಗೋಡೆ ಗಡಿಯಾರ ನೋಡಿದಳು. ಡಬ್ಬಿ ಸುರಿದು ಇಪ್ಪತ್ತು ನಿಮಿಷವಾಗಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮಗಳ ಮೇಲೆ ಪ್ರೀತಿ ಉಕ್ಕಿ ಬಂತು.

“ಸಿಕ್ತು, ಜೇಬಲ್ಲೇ ಇತ್ತು,” ಎಂದ ಬಡಗಿ. ನಿಜಕ್ಕೂ ಮರೆತಿದ್ದನೋ ಇಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. “ಚಿಲಕ ಯಾವ ಕಡೆ ಇಡಲಿ ಮೇಡಂ? ಎಡಕ್ಕಾ, ಬಲಕ್ಕಾ?”

“ಚಿಲಕ ಬೇಡ. ಕುರ್ಚಿ ಕಾಲು ಗಿಡ್ಡ ಮಾಡಿಕೊಡಿ.” ಜೊತೆಗೇ ಕೇಳಿದಳು, “ಮೇಸ್ತ್ರಿ, ಅಷ್ಟಕ್ಕೇ ಇವಳು ಸರಿಹೋಗ್ತಾಳಾ?”

“ಅದನ್ನ ಡಾಕ್ಟರನ್ನೇ ಕೇಳಿ. ನಂಗೆ ಗೊತ್ತಿರೋದು ಕುರ್ಚಿ ಮಾತ್ರ. ನಿಮ್ಮ ಶಾಲೆ ಕುರ್ಚಿಗಳನ್ನ ಮಾಡಿದ್ದೇ ನಾನು. ಆಗ ಬರ್ತಿದ್ದದ್ದು ಐದಾರು ವರ್ಷದ ಮಕ್ಕಳು, ಅವರ ಕಾಲಿನ ಅಳತೆಗೇ ಮಾಡಿದ್ದು. ಕೆಲವು ಮಕ್ಕಳು ಕಾಲು ಎಟುಕದಿದ್ರೂ ಹೇಗೋ ಸಹಿಸ್ಕೋತವೆ. ಕೆಲವಕ್ಕೆ ಆಗಲ್ಲ.” ಅವನು ಟೇಪು ಎಳೆಯುತ್ತ ಮೂಲೆಯತ್ತ ತಿರುಗಿದ. “ಬಾ ಪುಟ್ಟಿ, ಈಗ ನಿನ್ನ—”

ಟೀಚರ್ ಮೇಜಿನಿಂದ ಸದ್ದಾಗದಂತೆ ಇಳಿದು ಅವನ ತೋಳು ಹಿಡಿದಳು.

“ಶ್… ಕರೀಬೇಡಿ,” ಎಂದು ಪಿಸುಗುಟ್ಟಿದಳು. “ಅವಳು ಕೂತಿದ್ದಾಳೆ.”