ಓಡುವ ಮುನ್ನ ಒಂದು ಮಾತು

ಹತ್ತನೇ ತರಗತಿ ಮುಗಿಸಿದ ಮಗಳನ್ನು ಕರೆದುಕೊಂಡು ತಂದೆ ದೈಹಿಕ ಶಿಕ್ಷಕರ ಕೋಣೆಗೆ ಬಂದ. ಕಾಲೇಜೊಂದು ಅವಳಿಗೆ ಕ್ರೀಡಾ ಕೋಟಾದಲ್ಲಿ ಸೀಟು ಕೊಡಲು ಒಪ್ಪಿತ್ತು. ಮೂರು ವರ್ಷದ ಹಿಂದೆ ಅವಳ ಅಣ್ಣ ಇದೇ ಶಾಲೆಯ ಮೈದಾನದಲ್ಲಿ ಓಡುತ್ತಲೇ ಕುಸಿದು ಸತ್ತಿದ್ದ. ಮೈದಾನದ ಕಡೆಗಿನ ಕಿಟಕಿಯನ್ನು ಶಿಕ್ಷಕರು ಅಂದಿನಿಂದ ತೆರೆದಿರಲಿಲ್ಲ.

"ನೀವು ಹೂಂ ಅಂದ್ರೆ ಕಳಿಸ್ತೀನಿ ಮೇಷ್ಟ್ರೆ. ಬೇಡ ಅಂದ್ರೆ ಇವತ್ತಿಗೇ ಓಟ ಬಿಡಿಸ್ತೀನಿ."

ಶಿಕ್ಷಕರು ಮೇಜಿನಿಂದ ತಲೆಯೆತ್ತಿದರು.

"ಕಳಿಸಿ. ಆದ್ರೆ ನೋಡಮ್ಮ, ಓಡುವಾಗ ಎದೆ ಒಂಚೂರು ನೋವಾದ್ರೂ ಕೋಚ್‌ಗೆ ಹೇಳ್ಬೇಕು. ಮುಚ್ಚಿಡಬಾರದು."

"ನಮ್ಮ ಹುಡುಗ ಅದೊಂದು ಮಾತು ಹೇಳಿದ್ದಿದ್ರೆ ನೀವು ಓಡೋಕೆ ಬಿಡ್ತಿದ್ರಾ? ಮೆಡಲ್ ಆಸೆಗೆ ಮುಚ್ಚಿಟ್ಟ, ಪೆದ್ದ." ತಂದೆ ಕಣ್ಣೊರೆಸಿಕೊಂಡು, ಶಿಕ್ಷಕರಿಗೆ ಕೈಮುಗಿದು, ಗಾಡಿ ತಿರುಗಿಸಲು ಹೊರಗೆ ಹೋದ.

ಹುಡುಗಿ ಕದಲಲಿಲ್ಲ.

"ಹೇಳಿದ ಮೇಲೂ ಕೋಚ್ ಓಡು ಅಂದ್ರೆ ಏನ್ಮಾಡ್ಲಿ ಸಾರ್?"

"ಹಾಗೆ ಯಾರೂ ಅನ್ನಲ್ಲಮ್ಮ."

"ಅವತ್ತು ಅಣ್ಣ ನಿಮಗೆ ಹೇಳಿದಾಗ, ಅವನ ನೀರಿನ ಬಾಟಲಿ ಹಿಡ್ಕೊಂಡು ನಾನು ಹಿಂದೇನೇ ನಿಂತಿದ್ದೆ ಸಾರ್."