ಯಾರಾದರೂ ಓಡುತ್ತಾರೆ

ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಮೂರು ವರ್ಷ. ಉಣಿಸುವುದು, ಮೈ ಒರೆಸುವುದು ಎಲ್ಲ ನಾನೇ.

ಬೆಳಿಗ್ಗೆ ಹತ್ತರ ಹೊತ್ತಿಗೆ ಪಾತ್ರೆಗಳು ಗಡಗಡ ಸದ್ದು ಮಾಡಿದವು, ಕಾಲ ಕೆಳಗೆ ನೆಲ ಅಲುಗಾಡಿತು. ನಾನು ಓಡಿದ್ದೇನೆಂದು ತಿಳಿದದ್ದು ರಸ್ತೆಗೆ ಬಂದು ನಿಂತ ಮೇಲೆಯೇ.

"ಭೂಕಂಪ ಕಣ್ರೀ. ಟಿವಿಲಿ ನೋಡಿದ್ದು ಬಿಟ್ರೆ ನಮ್ಮೂರಲ್ಲಿ ಎಲ್ಲಿತ್ತು ಇದೆಲ್ಲ?" ಎಂದರು ಪಕ್ಕದ ಮನೆಯಾಕೆ. ಆಮೇಲೆ ನನ್ನ ಹಿಂದೆ ನೋಡಿ, "ನಿಮ್ಮತ್ತೆ ಎಲ್ಲಿ?" ಎಂದರು.

ತಿರುಗಿ ಒಳಗೆ ಹೋದೆ. ನಡುಕಕ್ಕೋ ಏನೋ, ಹಿತ್ತಿಲ ಬಾಗಿಲು ತೆರೆದುಕೊಂಡಿತ್ತು. ಅತ್ತೆ ಕುತ್ತಿಗೆವರೆಗೆ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಅತ್ತೆ, ನಿಮ್ಮನ್ನ ಬಿಟ್ಟು ಓಡಿಬಿಟ್ಟೆ."

"ಜೀವ ಅಲ್ವಾ. ಯಾರಾದ್ರೂ ಓಡ್ತಾರೆ."

"ನಿಮ್ಮ ಮಗನಿಗೆ ಹೇಳ್ತೀರಾ?"

"ನಾನ್ಯಾಕೆ ಹೇಳ್ಲಿ. ನೀನು ಹೋಗು, ಒಲೆ ಮೇಲೆ ಏನಿದೆ ನೋಡು."

ನನಗೆ ಅಳುವೂ ಬರಲಿಲ್ಲ. ಒಲೆ ಆರಿಸಿ, ಎಂದಿನಂತೆ ಬಿಸಿನೀರು, ಬಟ್ಟೆ ತಂದು, ಒರೆಸಲು ಕಾಲ ಬಳಿ ಹೊದಿಕೆ ಸರಿಸಿದೆ.

ಅವರ ಎರಡೂ ಅಂಗಾಲಿಗೆ ಹಿತ್ತಿಲ ಕೆಸರು ಮೆತ್ತಿಕೊಂಡಿತ್ತು, ಇನ್ನೂ ಹಸಿಯಾಗಿ.