ಬಗ್ಗದ ಕತ್ತು

ಉಸಿರು ಪರೀಕ್ಷಿಸುವ ಯಂತ್ರ ಮೂರನೇ ಸಲವೂ ಸೊನ್ನೆ ತೋರಿಸಿದಾಗ, ಬಸ್ ಡಿಪೋ ಕಂಟ್ರೋಲರಿಗೆ ಡ್ರೈವರನ ಮೇಲಿದ್ದ ಅನುಮಾನ ಯಂತ್ರದ ಮೇಲೂ ತಿರುಗಿತು. ಎಲ್ಲರೂ ಉದ್ದಣ್ಣ ಎಂದು ಕರೆಯುವ ಈ ಡ್ರೈವರು ಬೆಳಗಿನ ಪಾಳಿಗೆ ಗೋಡೆ ಹಿಡಿದುಕೊಂಡು ಬಂದಿದ್ದ. ಗೇಟಿನ ನಲ್ಲಿಯ ಬಳಿ ವಾಂತಿ ಮಾಡಿದ್ದ. ಟ್ಯೂಬ್‌ಲೈಟ್ ಕಂಡದ್ದೇ ತಡ ಕಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದ. ಕೇಳಿದರೆ ರಾತ್ರಿಯಿಂದ ತಲೆ ಸಿಡಿಯುತ್ತಿದೆ ಎಂದ. ರಾತ್ರಿ ಕುಡಿದವನಿಗೆ ಬೆಳಿಗ್ಗೆ ಇನ್ನೇನು ಸಿಡಿಯಬೇಕು? ಇಂಥವರನ್ನು ಹಿಡಿದು ಹಿಡಿದೇ ಕಂಟ್ರೋಲರ ಕೂದಲು ನರೆತಿತ್ತು.

ಯಂತ್ರವನ್ನು ಪಕ್ಕಕ್ಕಿಟ್ಟು ಸ್ವಂತ ಮೂಗನ್ನೇ ನಂಬಿದರು. ಉದ್ದಣ್ಣನ ಬಾಯಿ ಎಟುಕಬೇಕಾದರೆ ಸ್ಟೂಲು ಹತ್ತಬೇಕಿತ್ತು, ಹತ್ತಿದರು. ಬಾಯಿ ತೆರೆಸಿ, ಮೂಗು ತುಟಿಗೆ ತಾಗುವಷ್ಟು ಹತ್ತಿರ ಹೋಗಿ ಉಸಿರೆಳೆದರು. ವಾಂತಿಯ ಹುಳಿ ಬಿಟ್ಟರೆ ಬೇರೆ ವಾಸನೆಯಿಲ್ಲ. ಬಾಯಿ ಮುಕ್ಕಳಿಸಿ ಬಂದಿದ್ದಾನೆ! ತಪ್ಪಿಲ್ಲದವನಿಗೆ ಆ ಉಸಾಬರಿ ಏಕೆ?

ಉಳಿದದ್ದು ಗೆರೆ. ಕಚೇರಿಯ ನೆಲದ ಮೇಲೆ ಅವರೇ ಬಳಿಸಿದ ಬಿಳಿ ಗೆರೆ ಅದು. ಅನುಮಾನ ಬಂದವನು ತನ್ನ ಕಾಲ್ಬೆರಳು ನೋಡುತ್ತ ಅದರ ಮೇಲೆ ನಡೆಯಬೇಕು. ಉದ್ದಣ್ಣ ತೂರಾಡಿದ, ಆದರೆ ತಲೆ ಮಾತ್ರ ಬಗ್ಗಿಸಲಿಲ್ಲ. ಎದುರಿನ ಗೋಡೆ ನೋಡುತ್ತ ಕಂಬದ ಹಾಗೆ ಬಂದ.

"ಕೆಳಗೆ ನೋಡು ಅಂದೆ."

"ಆಗ್ತಿಲ್ಲ ಸಾರ್."

ಕುಡಿದದ್ದೂ ಅಲ್ಲದೆ ಕೊಬ್ಬು ಬೇರೆ ಎಂದುಕೊಂಡು ಕಂಟ್ರೋಲರು ದೂರು ಬರೆಯಲು ಕುಳಿತರು.

ಬಸ್ಸು ಯಾಕೆ ಹೊರಟಿಲ್ಲ ಎಂದು ಕೇಳಲು ಅದೇ ಬಸ್ಸಿನ ಕಂಡಕ್ಟರಮ್ಮ ಒಳಗೆ ಬಂದಳು. ಉದ್ದಣ್ಣನ ಹಣೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಅವನನ್ನು ಕೂರಿಸಿ, ಗದ್ದ ಎದೆಗೆ ಮುಟ್ಟಿಸಣ್ಣ ಎಂದಳು. ಅವನು ನರಳಿದನೇ ಹೊರತು ಗದ್ದ ಇಳಿಯಲಿಲ್ಲ. ಇವತ್ತು ಯಾವ ರೂಟು ಎಂದು ಕೇಳಿದರೆ, ಬಿಟ್ಟು ಎರಡು ವರ್ಷವಾದ ರೂಟಿನ ಹೆಸರು ಹೇಳಿದ. ಒಂದೇ ಬಸ್ಸಿನವರು, ಒಬ್ಬರದನ್ನು ಇನ್ನೊಬ್ಬರು ಮುಚ್ಚಿಹಾಕುತ್ತಾರೆ ಎಂದು ಕಂಟ್ರೋಲರಿಗೆ ಅವಳ ಮೇಲೂ ಗುಮಾನಿ ಬಂತು. ಮಧ್ಯಾಹ್ನದವರೆಗೆ ಮಲಗಿರಲಿ, ಅಮಲು ಇಳಿಯುತ್ತದೆ ಎಂದರು.

"ಸಾರ್, ನನ್ನ ತಂಗಿ ಮಗಳಿಗೂ ಹೀಗೇ ಆಗಿತ್ತು. ಜ್ವರ, ತಲೆನೋವು, ಬೆಳಕು ನೋಡೋಕಾಗಲ್ಲ, ಕತ್ತು ಬಗ್ಗಲ್ಲ. ಮೈಮೇಲೆ ಮಚ್ಚೆ ಬಂದ್ರೆ ತೋರಿಸೋಣ ಅಂತ ಮಲಗಿಸಿದ್ವಿ. ಮಚ್ಚೆ ಬಂದಾಗ ಮಗು ಕೈ ತಪ್ಪಿಹೋಗಿತ್ತು. ಇದು ಮೆದುಳಿನ ಪೊರೆಗೆ ಹತ್ತೋ ಕಾಯಿಲೆ. ಕಾಯೋದಲ್ಲ, ಈಗಲೇ ಹೊರಡಬೇಕು."

ಒಪ್ಪಿಗೆಗೆ ಅವಳು ನಿಲ್ಲಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆದು ಉದ್ದಣ್ಣನನ್ನು ಡಿಪೋ ಜೀಪಿಗೆ ಹತ್ತಿಸಿದಳು. ಕಂಟ್ರೋಲರೂ ಹತ್ತಿದರು. ರಕ್ತ ಪರೀಕ್ಷೆಯಾದರೆ ಇಬ್ಬರ ಬಣ್ಣವೂ ಬಯಲಾಗುತ್ತದೆ ಎಂಬ ಎಣಿಕೆ ಅವರದು.

ಆಸ್ಪತ್ರೆಯ ಡಾಕ್ಟರಮ್ಮ ಕತ್ತು ಮುಟ್ಟಿ ನೋಡಿದವಳೇ ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಶುರುಮಾಡಿಸಿದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಕಂಡಕ್ಟರಮ್ಮ ಹೇಳಿದ ಕಾಯಿಲೆಯೇ ಎಂದಳು. ಎರಡು ದಿನ ಏನೂ ಹೇಳಲಾಗದು, ಬದುಕಿದರೂ ಕಿವಿ ಕೇಳಿಸದೇ ಹೋಗಬಹುದು ಎಂದಳು. ಅವನಿಗೇನಾದರೂ ಆದರೆ ಆ ಪಾಪ ತನ್ನದೇ ಎಂದು ಕಂಟ್ರೋಲರು ಮೊದಲ ಸಲ ಹೆದರಿದರು.

ಅವನ ಮನೆಯವರು ಮುನ್ನೆಚ್ಚರಿಕೆಗೆ ಮಾತ್ರೆ ನುಂಗಬೇಕು, ನಿಮ್ಮಲ್ಲಿ ಯಾರಾದರೂ ಅವನ ಬಾಯಿಯ ತೀರಾ ಹತ್ತಿರ ಹೋಗಿದ್ದಿರಾ ಎಂದು ಡಾಕ್ಟರಮ್ಮ ಕೇಳಿದಳು. ಕಂಟ್ರೋಲರು ತೊದಲುತ್ತ ಸ್ಟೂಲು ಹತ್ತಿ ಬಾಯಿ ಮೂಸಿದ ಸಂಗತಿ ಹೇಳಿದರು. ಮಾತ್ರೆ ಚೀಟಿ ಬರೆಯುತ್ತಿದ್ದ ಅವಳ ಕೈ ನಿಂತಿತು.

"ಅಷ್ಟು ಹತ್ತಿರ ಹೋದೋರಿಗೆ, ಅವರ ಮೈ ಸುಡ್ತಿದ್ದದ್ದು ಗೊತ್ತಾಗಲಿಲ್ವಾ?"